ಅಕ್ಕನ ಕಂಪ್ಯೂಟರಿಗೆ ಹಿಡಿಸದ ಆವೃತ್ತಿ

ಕಚೇರಿಗಳ ಎದುರು ಕೂತು ಅರ್ಜಿ ಟೈಪು ಮಾಡಿಕೊಡುವವರಿಗೆಂದು ನಾನೊಂದು ಸಾಫ್ಟ್‌ವೇರ್ ಬರೆದಿದ್ದೆ. ಹೆಸರು, ಊರು, ಸರ್ವೆ ನಂಬರ್ ತುಂಬಿದರೆ ಅರ್ಜಿ ಅಚ್ಚಾಗಿ ಬರುತ್ತಿತ್ತು. ಗಂಗಾವತಿಯ ನನ್ನ ಕೋಣೆಯಿಂದ ಕೊಪ್ಪಳ, ಕುಷ್ಟಗಿ, ಯಲಬುರ್ಗಾಕ್ಕೆ ಅದು ಹೋಗುತ್ತಿದ್ದದ್ದು ಪೆನ್‌ಡ್ರೈವಿನಲ್ಲಿ, ಬಸ್ ಕಂಡಕ್ಟರನ ಕೈಯಲ್ಲಿ. ಪ್ರತಿ ಲಕೋಟೆಯ ಮೇಲೂ ಒಂದೇ ಮಾತು ಬರೆಯುತ್ತಿದ್ದೆ: ಮೊದಲು ಹಳೆಯದನ್ನು ತೆಗೆಯಿರಿ, ಆಮೇಲೆ ಹೊಸದನ್ನು ಹಾಕಿರಿ. ಎರಡೂ ಒಟ್ಟಿಗಿದ್ದರೆ ಒಂದಕ್ಕೊಂದು ತೊಡಕಾಗುತ್ತಿದ್ದವು. ಅದನ್ನು ಸರಿಪಡಿಸಲು ನನಗೆ ಸೋಮಾರಿತನ.

ಯಲಬುರ್ಗಾದಲ್ಲಿ ಅರ್ಜಿ ಬರೆಯುವ ಅಕ್ಕನೊಬ್ಬರದು ಬಹಳ ಹಳೆಯ ಕಂಪ್ಯೂಟರ್. ಆ ಮೇಜೇ ಅವರ ಹೊಟ್ಟೆಪಾಡು. ಹೊಸ ಕಂಪ್ಯೂಟರ್ ಕೊಳ್ಳುವ ಮಾತೇ ಇರಲಿಲ್ಲ. ನಾನು ಬಳಸುವ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿ ಅಂಥ ಹಳೆಯ ವಿಂಡೋಸ್ ಮೇಲೆ ಓಡುವುದಿಲ್ಲ. ಅದಕ್ಕೇ ಅವರೊಬ್ಬರಿಗಾಗಿ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಬೇರೆ ಆವೃತ್ತಿ ತಯಾರಿಸಿ ಕಳಿಸುತ್ತಿದ್ದೆ. ಹೋದ ವರ್ಷ ಆ ಲ್ಯಾಪ್‌ಟಾಪ್ ಕೆಟ್ಟಿತು. ಹಳೆಯ ಪ್ರತಿಗಳೆಲ್ಲ ಅದರೊಳಗೇ ಇದ್ದವು; ಪೆನ್‌ಡ್ರೈವುಗಳನ್ನು ತರಿಸಿಕೊಂಡು ಅಳಿಸಿ ಮತ್ತೆ ಬಳಸುತ್ತಿದ್ದೆ, ಇನ್ನೊಂದು ಕಡೆ ತೆಗೆದಿಡುವ ಬುದ್ಧಿ ನನಗಿರಲಿಲ್ಲ. ಒಬ್ಬರಿಗಾಗಿ ಎಷ್ಟು ದಿನ ಒದ್ದಾಡಲಿ ಎಂದುಕೊಂಡು ಹೊಸದನ್ನಷ್ಟೇ ಎಲ್ಲರಿಗೂ ಕಳಿಸಿದೆ. ರೂಢಿಯಂತೆ ಅಕ್ಕನ ಲಕೋಟೆಯೂ ಅದರಲ್ಲಿ ಸೇರಿ ಹೋಯಿತು.

ಮರುದಿನವೇ ಅವರ ಫೋನು.

"ತಮ್ಮಾ, ನೀ ಬರದಂಗ ಮೊದಲ ಹಳೇದ ತಗದ್ನಿ. ಹೊಸಾದು ಈ ಮಿಷನ್ನಿಗೆ ಆಗೂದಿಲ್ಲ ಅನ್ನಾಕತ್ತೈತಿ. ಈಗ ಎರಡೂ ಇಲ್ಲ."

"ಎಂಟ ದಿನ ತಡೀರಿ ಅಕ್ಕಾರ, ಮಾಡಿ ಕಳಸ್ತೀನಿ" ಎಂದುಬಿಟ್ಟೆ. ಅದು ಆಗದ ಕೆಲಸವೆಂದು ಆ ಮಾತು ಆಡುವಾಗಲೇ ಗೊತ್ತಿತ್ತು. ಸುಳ್ಳುಬುರುಕ ಎಂದು ನನ್ನನ್ನು ನಾನೇ ಬೈದುಕೊಂಡೆ, ಆದರೂ ತಿರುಗಿ ಫೋನು ಮಾಡಲಿಲ್ಲ.

ಎಂಟು ದಿನ ಇಪ್ಪತ್ತಾಯಿತು. ಹೊಸದರಲ್ಲಿ ಬಳಸಿದ ಭಾಗಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆ. ಒಂದನ್ನು ಹಳೆಯದಕ್ಕೆ ಹೊಂದಿಸಿದರೆ ಇನ್ನೊಂದು ಕೆಡುತ್ತಿತ್ತು. ಕೊನೆಗೆ ಕೈಚೆಲ್ಲಿ ಯಲಬುರ್ಗಾದ ಬಸ್ಸು ಹತ್ತಿದೆ.

ಅಕ್ಕನ ಮೇಜಿನ ಮುಂದೆ ತಳಕಲ್ ಊರಿನ ಮೂವರು ಹೆಂಗಸರು ಅರ್ಜಿಗಾಗಿ ಕಾಯುತ್ತ ಕೂತಿದ್ದರು. ನನ್ನನ್ನು ಕಂಡು ಅಕ್ಕನ ಮುಖ ಅರಳಿತು.

"ನೋಡ್ರಿ, ನಾ ಹೇಳಿದ್ದಿಲ್ಲೇನು, ಬರ್ತಾನಂತ" ಎಂದರು ಆ ಹೆಂಗಸರಿಗೆ.

"ಆಗೂದಿಲ್ರಿ ಅಕ್ಕಾರ" ಎಂದೆ. "ಇನ್ನ ಈ ಮಿಷನ್ನಿಗೆ ಯಾವತ್ತೂ ಆಗೂದಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ನನಗಾದರೂ ಹಗುರವಾಗುತ್ತಿತ್ತು.

"ಅವತ್ತ ಹೇಳಿದ್ರ ಇವರನ್ನ ಮೂರು ಸಲ ತಿರಗಸ್ತಿದ್ದಿಲ್ಲ ತಮ್ಮಾ. ನನ್ನ ಮಾತ ನಂಬಿ ಬಸ್ಸಿಗೆ ಬಂದು ಬಂದು ಹೋಗ್ಯಾರ."

ಅಕ್ಕ ಎದ್ದರು. ಮೂವರನ್ನೂ ತಾವೇ ಪಕ್ಕದ ಮೇಜಿಗೆ ಕರೆದೊಯ್ದು, "ಇವರದು ಮೊದಲ ಮಾಡಿ ಕೊಡ್ರಿ, ಭಾಳ ದಿನ ಆಗೈತಿ" ಎಂದು ಅಲ್ಲಿ ಕೂತವನಿಗೆ ಹೇಳಿದರು. ಅವನ ಕಂಪ್ಯೂಟರಿನಲ್ಲಿ ನನ್ನ ಹೊಸ ಆವೃತ್ತಿ ತೆರೆದಿತ್ತು.