ಹುಲಿಗೆ ಹೊದಿಸಿದ ಟವಲು

ಕರೆಂಟು ಹೋಗಬಹುದಿತ್ತು. ಹೋಗದೆ, ಇದ್ದಕ್ಕಿದ್ದಂತೆ ಜಾಸ್ತಿ ಬಂದು ಕಂಪ್ಯೂಟರು ಸುಟ್ಟುಹೋಗಬಹುದಿತ್ತು. ಫ್ಲಾಪಿಗೆ ಬೂಷ್ಟು ಹಿಡಿದಿರಬಹುದಿತ್ತು. ಬೆಂಗಳೂರಿನಿಂದ ಬರಬೇಕಾದ ನನ್ನ ಪಿಎಚ್.ಡಿ. ಗೈಡಿನ ಬಸ್ಸು ನರಸಾಪುರದ ಹತ್ತಿರ ಕೆಟ್ಟು ನಿಲ್ಲಬಹುದಿತ್ತು. ಬೈರಕೂರಿನಿಂದ ಬರಬೇಕಾದ ಸೋದರಮಾವ, ಹಸು ಇವತ್ತೋ ನಾಳೆಯೋ ಕರು ಹಾಕುತ್ತದೆಂದು ಊರಲ್ಲೇ ಉಳಿಯಬಹುದಿತ್ತು. ಬಂದರೂ, ಕಂಪ್ಯೂಟರ್ ಕೋಣೆಯ ಹೊರಗೆ ಬಿಡಲೇಬೇಕಾದ ಅವರ ಹೊಸ ಚಪ್ಪಲಿಯನ್ನು ನಾಯಿ ಕಚ್ಚಿಕೊಂಡು ಹೋಗಬಹುದಿತ್ತು. ಎ.ಸಿ.ಯ ಗಾಳಿಗೆ ಅವರು ಕೆಮ್ಮಿ, ಬಾಯಲ್ಲಿದ್ದ ಎಲೆಯಡಿಕೆ ಕೀಬೋರ್ಡಿನ ಮೇಲೆ ಬೀಳಬಹುದಿತ್ತು. ಪರೀಕ್ಷೆಯ ದಿನ ಆಗಬಹುದಾದ ಇವೆಲ್ಲವನ್ನೂ ನಾನು ಹಿಂದಿನ ವಾರವೇ ಒಂದೊಂದಾಗಿ ಚಿಂತಿಸಿ ಮುಗಿಸಿದ್ದೆ.

"ಭೂಕಂಪ ಒಂದು ಬಿಟ್ಟೋಯ್ತು, ಅದನ್ನೂ ಸೇರಿಸ್ಕೊಳ್ಳಿ," ಎಂದಳು ಹೆಂಡತಿ. ಸೇರಿಸಿಕೊಂಡೆ.

ಎಂಬತ್ತರ ದಶಕದ ಕೊನೆ ಅದು. ಕೋಲಾರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾ, ಡಾಕ್ಟರೇಟಿಗೆಂದು ಎರಡು ಕೆಲಸ ಮೈಮೇಲೆ ಎಳೆದುಕೊಂಡಿದ್ದೆ. ಒಂದು, ಕಂಪ್ಯೂಟರಿಗೆ ಆಡು-ಹುಲಿ ಆಟ ಕಲಿಸುವುದು. ಇನ್ನೊಂದು, ಯಾವುದೇ ಪ್ರೋಗ್ರಾಮಿನಲ್ಲಿ ಅಡಗಿರುವ ದಂಡದ ಕೆಲಸವನ್ನು ಹುಡುಕಿ ಕಿತ್ತುಹಾಕಿ ಅದನ್ನು ಚುರುಕು ಮಾಡುವ ಇನ್ನೊಂದು ಪ್ರೋಗ್ರಾಮು ಬರೆಯುವುದು. ಇದನ್ನು ನಾನು ಜರಡಿ ಎಂದು ಕರೆಯುತ್ತಿದ್ದೆ.

ಗೈಡಿನ ಷರತ್ತು ಒಂದೇ. "ನಿಜವಾದ ಆಟಗಾರ ಒಬ್ರು ಇದರ ಎದುರು ಕೊನೇವರೆಗೂ ಕೂತು ಆಡ್ಲಿ. ಯಾರು ಗೆದ್ರೂ ಸರಿ. ಮಧ್ಯೆ ಎದ್ದೋದ್ರೆ ಮಾತ್ರ ನೀವು ಬೇರೆ ವಿಷಯ ಹುಡುಕ್ಕೊಳ್ಳಿ." ಬೇರೆ ವಿಷಯವೆಂದರೆ ಎಲ್ಲ ಮೊದಲಿನಿಂದ. ನನ್ನ ತಲೆಗೂದಲು ಆಗಲೇ ಹಿಂದೆ ಸರಿಯತೊಡಗಿತ್ತು.

ನನಗೆ ಗೊತ್ತಿದ್ದ ನಿಜವಾದ ಆಟಗಾರರು ಮಾವ. ಊರಿನ ಕಟ್ಟೆಯ ಮೇಲೆ ಅವರದು ಯಾವಾಗಲೂ ಆಡಿನ ಕಡೆ. ಎದುರಾಳಿಯ ಮೂರು ಹುಲಿಗಳನ್ನು ಅಲುಗದಂತೆ ಕಟ್ಟಿಹಾಕುವುದೇ ಗೆಲುವು. ಮೊದಲ ಸಲ ಅವರನ್ನು ಕಂಪ್ಯೂಟರಿನ ಎದುರು ಕೂರಿಸಿದಾಗ, ಅದು ಒಂದು ನಡೆ ಯೋಚಿಸುವಷ್ಟರಲ್ಲಿ ಮಾವ ಬಸ್‌ಸ್ಟ್ಯಾಂಡಿಗೆ ಹೋಗಿ ಕಾಫಿ ಕುಡಿದು, ಕ್ಷೌರವನ್ನೂ ಮಾಡಿಸಿಕೊಂಡು ಬಂದರು. "ಇನ್ನೂ ಆಡಿಲ್ವಾ? ಹುಲಿಗೆ ಹುಷಾರಿಲ್ವೇನೋ ಅಳಿಯಾ?"

ಅವಮಾನವಾಗಿ ಪ್ರೋಗ್ರಾಮನ್ನು ಜರಡಿಗೆ ಹಾಕಿದೆ. ಎರಡನೆಯ ಸಲ ಮಾವ ಪರದೆಯ ಮೇಲೆ ತೋರಿಸಿದ ಜಾಗವನ್ನು ನಾನು ಕೀಬೋರ್ಡಿನಲ್ಲಿ ಒತ್ತುತ್ತಿದ್ದಂತೆ ಹುಲಿ ನೆಗೆದು ಆಡನ್ನು ತಿಂದಾಗಿತ್ತು.

"ಏಮಿರಾ ಇದು! ನಾನು ತಲೆ ಕೆರ್ಕೊಂಡು ಒಂದು ಆಡು ಇಟ್ರೆ, ಇದು ನೋಡ್ದಂಗೇ ಆಡ್ಬಿಡ್ತದೆ. ನಮ್ ಕಟ್ಟೆ ಮೇಲೆ ಹಿಂಗಾಡಿದ್ರೆ, ದೊಡ್ಡೋರಿಗೆ ಮರ್ಯಾದೆ ಕೊಡ್ದಿರೋನು ಅಂತ ಎಬ್ಬಿಸಿ ಕಳಿಸ್ತೀವಿ. ಯೋಚ್ನೆ ಮಾಡ್ದಿರೋನ ಜತೆ ನಾನಾಡಲ್ಲ ಕಣೋ."

ಹೀಗಾಗಿ, ವೇಗಕ್ಕೆಂದು ವರ್ಷಗಟ್ಟಲೆ ಒದ್ದಾಡಿದವನು ಕೂತು ನಿಧಾನವನ್ನು ಬರೆದೆ. ಪ್ರತಿ ನಡೆಗೂ ಮುಂಚೆ ಕಂಪ್ಯೂಟರು ಒಂದು, ಎರಡು, ಮೂರು ಎಂದು ಸುಮ್ಮನೆ ಎಣಿಸುತ್ತಾ ಕೂರಬೇಕು. ಯಾವುದಕ್ಕೂ ಅಲ್ಲ, ಮರ್ಯಾದೆಗೆ. ಮಾವ ಆಡಿ ನೋಡಿ ಒಪ್ಪಿದರು. "ಈಗ ಬುದ್ಧಿ ಬಂದೈತೆ."

ಪರೀಕ್ಷೆಯ ದಿನ ಕರೆಂಟು ಇತ್ತು. ಬಸ್ಸುಗಳು ಬಂದವು. ಭೂಮಿ ಅಲುಗಲಿಲ್ಲ. ಚಪ್ಪಲಿ ಬಿಟ್ಟಲ್ಲೇ ಇತ್ತು. ಎದ್ದು ಹೋಗಿ ನೋಡಿ ಬಂದೆ. ಮಾವ ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಪಂಚೆ ಸರಿಮಾಡಿಕೊಂಡು ಕೂತರು. ಪಕ್ಕದಲ್ಲಿ ಗೈಡು. ಮಾವ ಬಹಳ ಹೊತ್ತು ಯೋಚಿಸಿ ಒಂದು ಮೂಲೆ ತೋರಿಸಿದರು. ಒತ್ತಿದೆ. ಬೆರಳು ತೆಗೆಯುವ ಮೊದಲೇ ಹುಲಿ ಜಾಗ ಬದಲಿಸಿತು.

ಮಾವ ಎದ್ದು ನಿಂತರು. "ಇದ್ರ ಚಾಳಿ ಹೋಗ್ಲಿಲ್ಲ. ನನ್ ಮೆಟ್ಟೆಲ್ಲಿ?"

ಆಗ ಹೊಳೆಯಿತು. ಗೈಡಿನ ಎದುರು ಎಲ್ಲಿ ಪ್ರೋಗ್ರಾಮು ಮುಗ್ಗರಿಸೀತೋ ಎಂಬ ಭಯಕ್ಕೆ, ಬೆಳಿಗ್ಗೆ ಅದನ್ನು ಇನ್ನೊಮ್ಮೆ ಜರಡಿಗೆ ಹಾಕಿದ್ದೆ. ಸುಮ್ಮನೆ ಎಣಿಸುವುದು ದಂಡದ ಕೆಲಸವೆಂದು ಜರಡಿ ಆ ಸಾಲುಗಳನ್ನು ಕಿತ್ತೆಸೆದಿತ್ತು. ವಿಷಯ ಹೇಳಿದೆ. ಗೈಡು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಜರಡಿ ಪಾಸು. ಆದ್ರೆ ಷರತ್ತು ಷರತ್ತೇ. ಅವರನ್ನ ಕೂರ್ಸಿ ನೋಡೋಣ."

ಬಾಗಿಲ ಹತ್ತಿರ ಓಡಿ ಮಾವನ ಹೆಗಲ ಮೇಲಿನ ಟವಲು ಹಿಡಿದೆ. "ಬನ್ನಿ ಮಾವ, ಯೋಚ್ನೆ ಮಾಡೋದು ಮರ್ತಿತ್ತು. ಈಗ ಮಾಡ್ತದೆ."

"ಮಾಡ್ಲಿಲ್ಲಾಂದ್ರೆ?"

"ನನ್ನನ್ನೇ ಬೈಯಿರಿ."

ಮಾವ ಟವಲು ಬಿಟ್ಟುಕೊಟ್ಟು ಮತ್ತೆ ಬಂದು ಕೂತರು. ಹುಲಿಯ ಅವಸರ ಕಾಣದಂತೆ ಪರದೆಗೆ ಆ ಟವಲು ಹೊದಿಸಿದೆ. ಮಾವ ನಡೆ ತೋರಿಸಿದಾಗಲೆಲ್ಲ ಮೊದಲು ಮುಚ್ಚಿ, ಆಮೇಲೆ ಒತ್ತಿ, ಛಾವಣಿ ನೋಡುತ್ತಾ ಕೂತೆ. ಕರೆಂಟು ಹೋದರೆ? ಟವಲಿನ ಬಿಸಿಗೆ ಪರದೆ ಸಿಡಿದರೆ? ಗೈಡಿಗೆ ವಾಪಸು ಬಸ್ಸು ತಪ್ಪಿದರೆ? ಚಿಂತೆ ಒಂದು ಸುತ್ತು ಮುಗಿದ ಮೇಲೆ ಟವಲು ಸರಿಸುತ್ತಿದ್ದೆ. ಮಾವ ತಲೆದೂಗುತ್ತಿದ್ದರು.

ಸಂಜೆಯ ಹೊತ್ತಿಗೆ ಮೂರು ಹುಲಿಗಳೂ ಕಟ್ಟುಬಿದ್ದಿದ್ದವು. ಗೈಡು ಸಹಿ ಹಾಕುತ್ತಿದ್ದರೆ, ಮಾವ ಟವಲು ಕೊಡವಿ ಹೆಗಲಿಗೇರಿಸಿಕೊಂಡು ಕಂಪ್ಯೂಟರಿನ ನೆತ್ತಿ ತಟ್ಟಿದರು.

"ಸೋತ್ರೂ, ಯೋಚ್ನೆ ಮಾಡಿ ಸೋತೈತೆ."