ಮಲ್ಕಾಳ ಕೋಟೆ, ಶರಣವ್ವನ ಊರು

ಶೆಟ್ಟಿಹಳ್ಳಿ ರಸ್ತೆಯ ಸ್ವಿಚ್ಚು ತಯಾರಿಸುವ ಕಾರ್ಖಾನೆಗೆ ಮಲ್ಕಾ ಟೆಲಿಫೋನ್ ಆಪರೇಟರ್ ಆಗಿ ಸೇರಿದ್ದು ೧೯೭೨ರಲ್ಲಿ. ಬೋರ್ಡಿನಲ್ಲಿ ಇನ್ನೂರು ಎಕ್ಸ್‌ಟೆನ್ಷನ್. ಯಾರಾದರೂ ಫೋನೆತ್ತಿದರೆ ಅವರ ನಂಬರಿನ ಪುಟ್ಟ ತಗಡಿನ ಮುಚ್ಚಳ ಟಪ್ಪೆಂದು ಕೆಳಗೆ ಬೀಳುತ್ತಿತ್ತು. ಯಾರು ಬೇಕೆಂದು ಕೇಳಿ ಅವಳು ವೈರು ಸಿಕ್ಕಿಸುತ್ತಿದ್ದಳು. ಗೊರಗುಂಟೆಪಾಳ್ಯದ ಮನೆಯಲ್ಲಿ ಅವಳ ಜೊತೆ ಇದ್ದದ್ದು ಅಮ್ಮಿ ಒಬ್ಬರೇ. ಬೆಳಗಿನ ಆರರಿಂದ ಎರಡರವರೆಗೆ ಅವಳ ಪಾಳಿ. ಕಾರ್ಖಾನೆಯವರೆಲ್ಲ ಅವಳ ದನಿ ಬಲ್ಲರು, ಮುಖ ಕಂಡವರು ಕಡಿಮೆ.

೧೯೭೭ರ ಒಂದು ಬೆಳಿಗ್ಗೆ ಹತ್ತು ಗಂಟೆಯ ಟೀ ವಿರಾಮದಲ್ಲಿ ಸ್ಟೋರ್ಸ್‌ನ ಲಕ್ಕಣ್ಣ ಯಾರಿಗೋ ಫೋನ್ ಮಾಡಿ, ಆ ಕಡೆ ಎತ್ತುವವರಿಲ್ಲದೆ ಕಾಯುತ್ತಿದ್ದರು. ಹೊತ್ತು ಹೋಗದೆ ಮಲ್ಕಾ ಗ್ರಾಫ್ ಹಾಳೆಯ ಮೇಲೆ ಒಂದು ಕೋಟೆ ಬರೆಯುತ್ತಿದ್ದಳು. ತಮಾಷೆಗೆ ಅಂದಳು:

“ಲಕ್ಕಣ್ಣೋರೇ, ನೀವೀಗ ಕೋಟೆ ಬಾಗಿಲಲ್ಲಿ ನಿಂತಿದ್ದೀರಿ. ಎಡಕ್ಕೆ ಹೋಗ್ತೀರೋ, ಬಲಕ್ಕೋ?”

“ಎಡಕ್ಕೆ ಓದ್ರೆ ಏನೈತೆ ಮೇಡಂ?”

“ಹೋಗಿ ನೋಡಿ.”

ಒಂದು ತಿಂಗಳಲ್ಲಿ ಮೂವತ್ತು ಜನ ಆಟಕ್ಕೆ ಸೇರಿದರು. ವಿರಾಮದ ಹದಿನೈದು ನಿಮಿಷದಲ್ಲಿ ಒಬ್ಬೊಬ್ಬರಿಗೂ ಎರಡೋ ಮೂರೋ ಹೆಜ್ಜೆ. ಯಾರು ಯಾವ ಕೋಣೆಯಲ್ಲಿ ನಿಂತಿದ್ದಾರೆಂದು ಮಲ್ಕಾ ಪೆನ್ಸಿಲ್ಲಿನಿಂದ ಹೆಸರು ಬರೆದಿಡುತ್ತಿದ್ದಳು. ಕೋಟೆಯಲ್ಲಿ ಒಂದು ನಿಧಿಯಿತ್ತು. ತೊಂದರೆ ಶುರುವಾದದ್ದು ಅದರಿಂದಲೇ. ಖರೀದಿ ವಿಭಾಗದ ಅಧಿಕಾರಿಯೊಬ್ಬರು ಅದನ್ನು ಕಂಡುಹಿಡಿದು ಕ್ಯಾಂಟೀನಿನಲ್ಲಿ ಹೇಳಿಕೊಂಡರು, ಮರುದಿನ ಐದೇ ಮುಚ್ಚಳ ಬಿದ್ದವು. ಮಲ್ಕಾ ಭಾನುವಾರವಿಡೀ ಕೂತು ಕೋಟೆಗೆ ನೆಲಮಾಳಿಗೆ ಬರೆದಳು. ಜನ ಮರಳಿದರು, ಮೂರು ವಾರಕ್ಕೆ ಅದೂ ಹಳತಾಯಿತು. ಸುರಂಗ ತೋಡಿದಳು, ಆನೆಲಾಯ ಕಟ್ಟಿದಳು. ಮೂರು ವರ್ಷ ಹೀಗೇ ನಡೆಯಿತು. ನೋಡಿ ಮುಗಿದ ಕೋಣೆಗೆ ಯಾರೂ ಎರಡನೇ ಸಲ ಕಾಲಿಡುತ್ತಿರಲಿಲ್ಲ.

ಎಂಬತ್ತರಲ್ಲಿ ಮಧ್ಯಾಹ್ನದ ಪಾಳಿಗೆ ಶರಣವ್ವ ಬಂದಳು. ಬಾಗಲಕೋಟೆ ಕಡೆಯವಳು, ಮಲ್ಕಾಳಿಗಿಂತ ಹತ್ತು ವರ್ಷ ಚಿಕ್ಕವಳು. ಬಂದ ವಾರದಲ್ಲೇ ಕೇಳಿದಳು:

“ಮೇಡಂ, ಮೂರೂವರೆ ಚಾಕ್ಕ ಮಂದಿ ಕ್ವಾಟಿ ಆಟ ಆಡಸ್ರಿ ಅಂತಾರ. ನಿಮ್ಮ ನಕ್ಷೆ ಕೊಡ್ತೀರೇನ್ರಿ?”

“ಅದು ಹಾಗೆಲ್ಲ ಕೊಡೋದಲ್ಲ ಕಣಮ್ಮ,” ಎಂದು ಮಲ್ಕಾ ಹಾಳೆಗಳನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡಳು.

ಶರಣವ್ವ ಮತ್ತೆ ಕೇಳಲಿಲ್ಲ. ನಕ್ಷೆಯಿಲ್ಲದೆಯೇ ಆಡಿಸತೊಡಗಿದಳು.

ಒಂದೆರಡು ತಿಂಗಳಲ್ಲಿ ಬೆಳಗಿನ ವಿರಾಮ ಸಪ್ಪಗಾಯಿತು. ಎಂಟರಿಂದ ಐದರವರೆಗೆ ಕೆಲಸ ಮಾಡುವವರಿಗೆ ಎರಡು ಟೀ ವಿರಾಮ. ಅವರೆಲ್ಲ ಮಧ್ಯಾಹ್ನದ್ದಕ್ಕೆ ಹೊರಳಿದ್ದರು. “ಬೆಳಿಗ್ಗೆ ಕೆಲ್ಸ ಜಾಸ್ತಿ ಮೇಡಂ,” ಎಂದರು ಲಕ್ಕಣ್ಣ, ಸುಳ್ಳು ಹೇಳಲು ಬಾರದವರ ದನಿಯಲ್ಲಿ. ಮಲ್ಕಾಳಿಗೆ ಶರಣವ್ವನನ್ನು ಕಂಡರಾಗದಾಯಿತು. ಹೆಡ್‌ಫೋನಿಗೆ ಅಂಟಿದ ಅವಳ ಕೊಬ್ಬರಿ ಎಣ್ಣೆಯ ವಾಸನೆಯೂ ಸೇರಲಿಲ್ಲ. ದಿನಾ ಬೆಳಿಗ್ಗೆ ಅದನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದಳು. ಅವಳ ಓರೆ ಅಕ್ಷರವನ್ನು ರಿಜಿಸ್ಟರಿನಲ್ಲಿ ಕಂಡರೆ ಪುಟ ಮಗುಚಿಬಿಡುತ್ತಿದ್ದಳು. ಅಮ್ಮಿಯ ಮುಂದೆ ಮಾತ್ರ, “ಹೊಸಬಳಿಗೆ ಬೋರ್ಡು ನೋಡ್ಕೊಳ್ಳೋಕೇ ಬರಲ್ಲ,” ಎನ್ನುತ್ತಿದ್ದಳು. ಅದು ನಿಜವಲ್ಲವೆಂದು ಅವಳಿಗೇ ಗೊತ್ತಿತ್ತು.

ಒಂದು ದಿನ ಪಾಳಿ ಮುಗಿದರೂ ಮನೆಗೆ ಹೋಗದೆ ಹೆಂಗಸರ ವಿಶ್ರಾಂತಿ ಕೋಣೆಯಲ್ಲಿ ಕೂತಳು. ಮೂರೂವರೆಗೆ ಅಲ್ಲಿನ ಫೋನೆತ್ತಿ, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು, ದನಿ ಬದಲಿಸಿ, “ಪ್ಯಾಕಿಂಗ್ ಮಲ್ಲಮ್ಮ ಕಣವ್ವ. ನಂಗೂ ಆಟ ಆಡ್ಸು,” ಅಂದಳು.

“ಬರ್ರಿ ಮಲ್ಲಮ್ಮಾರ. ಬಯಲಾಗ ನಿಂತೀರಿ. ಮುಂದ ಏನ್ ಕಾಣಸ್ತೈತಿ, ನೀವ ಹೇಳ್ರಿ.”

“ನಾನೇ ಹೇಳ್ಬೇಕಾ?”

“ಹೂನ್ರಿ. ನೀವ್ ಹೇಳಿದ್ದು ಅಲ್ಲೇ ಇರ್ತೈತಿ. ಯಾರೂ ಅಳಸಂಗಿಲ್ಲ.”

ಮಲ್ಕಾ ಒಂದು ಬೇವಿನ ಮರ ಹೇಳಿದಳು. ಮರುದಿನ ಬಂದಾಗ ಅದರಡಿ ಯಾರೋ ಕಲ್ಲುಬೆಂಚು ಹಾಕಿದ್ದರು, ಮೂರನೆಯ ದಿನ ಅದರ ಮೇಲೆ ಒಬ್ಬ ಕುರುಡ ಹಾಡುಗಾರ ಕೂತಿದ್ದ. ಆಗ ಅವಳಿಗೆ ಗುಟ್ಟು ತಿಳಿಯಿತು. ತನ್ನ ಕೋಟೆಯಲ್ಲಿ ಜನ ತಾನು ಇಟ್ಟದ್ದನ್ನು ನೋಡಿ ಮುಗಿಸುತ್ತಿದ್ದರು. ಇಲ್ಲಿ ತಾವು ಇಟ್ಟದ್ದು ಏನಾಯಿತೆಂದು ನೋಡಲು ದಿನಾ ಮರಳುತ್ತಿದ್ದರು. ಇಷ್ಟು ಸುಲಭದ ಉಪಾಯ ತನಗೇಕೆ ಹೊಳೆಯಲಿಲ್ಲವೆಂದು ಅವಳು ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಅತ್ತಳು.

ಎರಡು ವರ್ಷ ಮಲ್ಲಮ್ಮನಾಗಿ ಆಡಿದಳು. ಒಂದು ದಿನ ಪಾಳಿ ಬದಲಾಗುವಾಗ ಶರಣವ್ವ ಅವಳೆದುರೇ ಹೇಳಿದಳು: “ಪ್ಯಾಕಿಂಗ್‌ನ್ಯಾಗ ಮಲ್ಲಮ್ಮ ಅಂತ ಒಬ್ಬಾಕಿ ಅದಾಳ್ರಿ ಮೇಡಂ. ಆಕಿಯಷ್ಟು ಚೊಲೋ ಆಡಾವ್ರು ಯಾರೂ ಇಲ್ಲ.” ಮಲ್ಕಾಳಿಗೆ ಆ ಮಲ್ಲಮ್ಮನ ಮೇಲೂ ಹೊಟ್ಟೆಕಿಚ್ಚಾಯಿತು. ಮಲ್ಕಾಳನ್ನು ಇಷ್ಟು ಬಾಯ್ತುಂಬ ಯಾರೂ ಎಂದೂ ಹೊಗಳಿರಲಿಲ್ಲ.

ಆಡುವವರೆಲ್ಲ ಹೇಳುತ್ತ ಹೇಳುತ್ತ ಶರಣವ್ವನ ಬಯಲಿನಲ್ಲಿ ಒಂದು ಊರೇ ಎದ್ದಿತ್ತು, ಅದರ ನಡುವೆ ಒಂದು ಮೆಟ್ಟಿಲಬಾವಿ ಇತ್ತು. ಎಲ್ಲರೂ ದಾರಿಯಲ್ಲಿ ಅಲ್ಲಿ ನಿಂತು ನೀರು ಕುಡಿದೇ ಮುಂದೆ ಹೋಗುತ್ತಿದ್ದರು. ಅದೇ ವಾರ ಮಲ್ಕಾ ಫೋನಿನಲ್ಲಿ ಅಂದಳು: “ಬಾವಿ ನೀರು ಕಪ್ಪಾಗೈತೆ. ಕುಡಿದ ದನಗಳೆಲ್ಲ ಸತ್ತು ಬಿದ್ದವೆ.”

ಶರಣವ್ವ “ಬರ್ಕೊಂಡೆ ನೋಡ್ರಿ,” ಎಂದಳು.

ಇನ್ನು ಆಟ ಕೆಡುತ್ತದೆಂದು ಮಲ್ಕಾ ಎಣಿಸಿದ್ದಳು. ಆದದ್ದೇ ಬೇರೆ. ಬಾವಿಯ ಸುದ್ದಿ ಕ್ಯಾಂಟೀನಿಗೆಲ್ಲ ಹಬ್ಬಿ, ಅದುವರೆಗೆ ಆಡದವರೂ ಗುದ್ದಲಿ ಹಿಡಿದು ಬಂದರು. ಮರುದಿನ ಮೂರೂವರೆಗೆ ಹೂಳೆತ್ತುವವರ ಮುಚ್ಚಳಗಳು ಆಲಿಕಲ್ಲು ಬಿದ್ದಂತೆ ಬಿದ್ದವು. ಅವುಗಳ ನಡುವೆ ತಗಡು ಒತ್ತುವ ಪ್ರೆಸ್ ವಿಭಾಗದ ಮುಚ್ಚಳವೂ ಬಿದ್ದಿದ್ದು ಶರಣವ್ವನ ಕಣ್ಣಿಗೆ ಬೀಳಲಿಲ್ಲ. ಅಲ್ಲಿ ಒಬ್ಬನ ಕೈ ಯಂತ್ರಕ್ಕೆ ಸಿಕ್ಕಿ ಎರಡು ಬೆರಳು ಜಜ್ಜಿಹೋಗಿದ್ದವು. ಡಿಸ್ಪೆನ್ಸರಿಗೆ ಸುದ್ದಿ ಮುಟ್ಟಿದ್ದು ನಾಲ್ಕು ನಿಮಿಷ ತಡವಾಗಿ. ಬೇಗ ಬಂದಿದ್ದರೂ ಆ ಎರಡು ಬೆರಳು ಉಳಿಯುತ್ತಿರಲಿಲ್ಲವೆಂದು ಡಾಕ್ಟರು ಹೇಳಿದರೂ ವಿಚಾರಣೆ ತಪ್ಪಲಿಲ್ಲ.

ಮಲ್ಕಾಳನ್ನು ಸಾಕ್ಷಿಗೆ ಕರೆದರು. ಸಿಬ್ಬಂದಿ ಅಧಿಕಾರಿ ಕೇಳಿದರು: “ಈ ಆಟ ಶುರು ಮಾಡಿದ್ದು ಯಾರು?”

“ನಾನ್ರಿ ಸರ್,” ಎಂದಳು ಶರಣವ್ವ.

“ಜೊತೆಗೆ ಬೇರೆ ಯಾರು?”

“ಯಾರೂ ಇಲ್ರಿ. ನಾ ಒಬ್ಬಾಕೀನ.”

ತನ್ನನ್ನು ಉಳಿಸಲು ಆ ಹುಡುಗಿ ಹಾಗೆ ಹೇಳುತ್ತಿದ್ದಾಳೆಂದು ಮಲ್ಕಾಳಿಗೆ ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ಕಿವಿಗೆ ಬಿದ್ದದ್ದು ಒಂದೇ: ತನ್ನ ಆಟವನ್ನು ಇವಳು ತನ್ನದೆನ್ನುತ್ತಿದ್ದಾಳೆ. ಕುರ್ಚಿಯಿಂದ ಎದ್ದು ನಿಂತಳು.

“ಸುಳ್ಳು ಸರ್! ಶುರು ಮಾಡಿದ್ದು ನಾನು. ಎಪ್ಪತ್ತೇಳರಲ್ಲಿ, ಇವ್ರು ಬರೋಕೆ ಮೂರು ವರ್ಷ ಮುಂಚೆ. ಆಡಿದೋರ ಹೆಸರೆಲ್ಲ ನಕ್ಷೆ ಮೇಲಿದೆ. ತರ್ಲಾ?”

ಆ ಹೆಸರುಗಳಲ್ಲಿ ಅಧಿಕಾರಿಗಳೂ ಇದ್ದರು. ಐದು ವರ್ಷದಿಂದ ಎಲ್ಲರಿಗೂ ಗೊತ್ತಿದ್ದ ಆಟಕ್ಕೆ ಒಬ್ಬಳ ನೌಕರಿ ತೆಗೆಯುವುದು ಕಷ್ಟವಾಯಿತು. ಕೊನೆಗೆ ಇಬ್ಬರಿಗೂ ಮೆಮೊ ಕೊಟ್ಟು, ಒಂದು ವರ್ಷ ಬಡ್ತಿ ತಡೆದು, ಶರಣವ್ವನನ್ನು ರವಾನೆ ವಿಭಾಗಕ್ಕೆ ಹಾಕಿದರು. ಆಟ ನಿಂತಿತು.

ಕಾರ್ಖಾನೆಯಲ್ಲಿ ಮಲ್ಕಾಳ ಹೆಸರು ದೊಡ್ಡದಾಯಿತು. ಕಿರಿಯವಳಿಗಾಗಿ ತಪ್ಪು ತಲೆಯ ಮೇಲೆ ಹೊತ್ತುಕೊಂಡಳು ಎಂದು ಹೊಗಳಿದರು. ಒಂದು ಭಾನುವಾರ ಶರಣವ್ವ ಶೇಂಗಾ ಹೋಳಿಗೆ ಕಟ್ಟಿಕೊಂಡು ಗೊರಗುಂಟೆಪಾಳ್ಯದ ಮನೆ ಹುಡುಕಿ ಬಂದಳು. ಅಮ್ಮಿ ಒಳಗೆ ಚಹಾ ಕಾಯಿಸುತ್ತಿದ್ದರು. ಮಲ್ಕಾಳಿಗೆ ಇನ್ನು ತಡೆಯಲಾಗಲಿಲ್ಲ.

“ನಿಮ್ಮನ್ನ ಉಳಿಸೋಕೆ ಹೇಳ್ಲಿಲ್ಲಮ್ಮ ನಾನು. ಆಟ ನಂದು ಅನ್ನೋಕೆ ಹೇಳ್ದೆ.”

“ಹೆಂಗರ ಆಗ್ಲಿ, ನೌಕರಿ ಉಳೀತಲ್ರಿ,” ಎಂದು ಶರಣವ್ವ ನಕ್ಕಳು.

“ಇನ್ನೊಂದಿದೆ. ಪ್ಯಾಕಿಂಗ್ ಮಲ್ಲಮ್ಮ ಅಂತ ಯಾರೂ ಇಲ್ಲ. ಬಾವಿ ಕೆಡಿಸಿದ್ದು ನಾನು.”

ಶರಣವ್ವನ ನಗು ನಿಂತಿತು. ಅಮ್ಮಿ ತಂದಿಟ್ಟ ಚಹಾವನ್ನು ಅವಳು ಪಕ್ಕಕ್ಕೆ ಸರಿಸಿದಳು. ಆಮೇಲೆ ಹೇಳಿದಳು: “ಆ ಬಾವಿ ನಂದಲ್ರಿ. ಲಕ್ಕಣ್ಣಾರು ಇಟ್ಟಿದ್ದು. ಶೆಟ್ಟಿಹಳ್ಳಿಯಾಗ ಅವರ ಹೊಲದಾಗಿದ್ದ ಬಾವಿ. ಸೈಟು ಮಾಡಾಕ ಮುಚ್ಚಿದ್ರಂತ. ನನಗಲ್ಲ, ಅವರಿಗೆ ಹೇಳ್ರಿ.”

ಮರುದಿನ ಪಾಳಿ ಮುಗಿಸಿ ಮಲ್ಕಾ ಸ್ಟೋರ್ಸಿಗೆ ಹೋದಳು. ಹತ್ತು ವರ್ಷದಿಂದ ದಿನಾ ದನಿ ಕೇಳಿದ್ದ ಮನುಷ್ಯನ ಮುಖವನ್ನು ಅವಳು ಹತ್ತಿರದಿಂದ ನೋಡಿದ್ದು ಅಂದೇ: ನರೆತ ಮೀಸೆ, ಮೂಗಿನ ತುದಿಗೆ ಜಾರಿದ ಕನ್ನಡಕ. ನಿಂತೇ ಎಲ್ಲ ಹೇಳಿದಳು. ಲಕ್ಕಣ್ಣ ಕೈಯಲ್ಲಿದ್ದ ಬೋಲ್ಟುಗಳನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದರು.

“ನಂಗೆ ಅವತ್ತು ಊಟ ಸೇರ್ಲಿಲ್ಲ ಮೇಡಂ,” ಎಂದರು. “ನಮ್ಮಪ್ಪ ಅಗೆಸಿದ್ದ ಬಾವಿ ಅದು. ಆದ್ರೆ ಮಾರನೇ ದಿನ ಅಷ್ಟು ಜನ ಬಂದು ಊಳೆತ್ತಿದ್ರಲ್ಲ, ಶೆಟ್ಟಿಹಳ್ಳೀಲಿ ಮುಚ್ಚಿದಾಗ ಒಬ್ರೂ ಬಂದಿರ್ಲಿಲ್ಲ.”

ಅವರು ಕ್ಷಮಿಸಿದೆ ಎನ್ನಲಿಲ್ಲ, ಅವಳೂ ಕೇಳಲಿಲ್ಲ. ಹತ್ತಿರದ ಸ್ಟೂಲನ್ನು ಅವಳ ಕಡೆ ಸರಿಸಿದರು. ಮಲ್ಕಾ ಕೂತಳು. ಬಾವಿಗೆ ಎಷ್ಟು ಮೆಟ್ಟಿಲಿದ್ದವು ಎಂದು ಕೇಳಿದಳು. ಲಕ್ಕಣ್ಣ ಹೇಳುತ್ತ ಹೋದರು.