ಕೊಳವೆಯ ನೀರಿಗೆ ಊಟ ಹಾಕಿದವರು

ಮನೆ ಬೆಚ್ಚಗಿಡಲೆಂದು ಬಾಯ್ಲರಿನಲ್ಲಿ ಕಾದ ನೀರು ಗೋಡೆಯ ರೇಡಿಯೇಟರುಗಳನ್ನೂ ನೆಲದಡಿಯ ಕೊಳವೆಗಳನ್ನೂ ಸುತ್ತಿ ಮತ್ತೆ ಬಾಯ್ಲರಿಗೇ ಮರಳುವ, ವರ್ಷಗಟ್ಟಲೆ ಅದೇ ನೀರು ಅದೇ ದಾರಿಯಲ್ಲಿ ತಿರುಗುವ ನಮ್ಮ ಕಸುಬಿನಲ್ಲಿ, ಬಾಯ್ಲರನ್ನು ಬಲ್ಲವರಿಗೆ ಎಂದೂ ಬರವಿಲ್ಲ; ನೀರನ್ನು ಬಲ್ಲವರು ಮಾತ್ರ ವಿರಳ. ಆ ವಿರಳರ ಸಾಲಿನಲ್ಲಿ ಟೈನ್ ಕಣಿವೆಯ ಶ್ರೀ ಎಡ್ವಿನ್ ಹೆಸ್ಲಪ್ ಅವರದು ಗೌರವದಿಂದ ನೆನೆಯಬೇಕಾದ ಹೆಸರು. ಈ ವಸಂತದಲ್ಲಿ ಅವರು ಕೆಲಸದಿಂದಲೂ ಪಾಠದಿಂದಲೂ ಒಟ್ಟಿಗೇ ನಿವೃತ್ತರಾಗುತ್ತಿದ್ದಾರೆ. ಹೊಗಳಿದರೆ ಅವರ ಕಿವಿ ಕೆಂಪಾಗುತ್ತದೆ, ಹೊಗಳಿದವರ ಮೇಲೆ ಎರಡು ದಿನ ಮುನಿಸಿಕೊಳ್ಳುತ್ತಾರೆ ಎಂಬುದು ತಿಳಿದಿದ್ದೂ ನಮ್ಮ ಕಸುಬಿನ ಸಂಘದ ಗೆಳೆಯರು ಈ ಅಭಿನಂದನಾ ಸಂಪುಟವನ್ನು ತರುವ ಧೈರ್ಯ ಮಾಡಿದ್ದಾರೆ.

ಹಾಲ್ಟ್‌ವಿಸಲ್ ಪಟ್ಟಣದ ರೈಲ್ವೆ ಗಾರ್ಡೊಬ್ಬರ ಮಗನಾಗಿ ಹುಟ್ಟಿದ ಶ್ರೀ ಹೆಸ್ಲಪ್ ಅವರು ಶಾಲೆ ಮುಗಿದೊಡನೆ ಪೈಪು, ಸ್ಪಾನರು ಹಿಡಿದವರು. ಕಲ್ಲಿದ್ದಲ ಒಲೆಗಳು ಆರಿ, ಗ್ಯಾಸಿನ ಬಾಯ್ಲರುಗಳು ಮನೆಮನೆಗೆ ಬಂದ ಕಾಲವನ್ನು ಅವರು ಕಂಡರು; ಆ ಬಳಿಕ ರೇಡಿಯೇಟರುಗಳು ಹಿಂದೆ ಸರಿದು, ನೆಲದಡಿಯಲ್ಲೇ ಕೊಳವೆ ಹಾಸಿ ಉಗುರುಬೆಚ್ಚಗಿನ ನೀರು ಹರಿಸುವ ಕಾಲವನ್ನೂ ಕಂಡರು. ಕುದಿಯುವ ನೀರಿನಲ್ಲಿ ಬಾಳಲಾರದ ಬ್ಯಾಕ್ಟೀರಿಯಾ ಉಗುರುಬೆಚ್ಚಗಿನ ನೀರಿನಲ್ಲಿ ಸುಖವಾಗಿ ಸಂಸಾರ ಹೂಡುತ್ತದೆ ಎಂಬುದನ್ನು ನಮ್ಮಲ್ಲಿ ಮೊದಲು ಗಂಭೀರವಾಗಿ ತೆಗೆದುಕೊಂಡವರು ಅವರೇ. ಹೆಕ್ಸಮ್‌ನ ತರಬೇತಿ ಶಾಲೆಯಲ್ಲಿ ಪಾಠ ಹೇಳುವಾಗ, ನಾರುವ ನೀರಿನ ಸೀಸೆಯನ್ನು ಮೇಜಿನ ಮೇಲಿಟ್ಟು ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ.

"ಇದಕ್ಕೆ ಊಟ ಹಾಕಿದ್ದು ಯಾರು?"

ಔಷಧಿ ಸುರಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ನಿಜ. ಆದರೆ ಅದು ಏನನ್ನು ತಿಂದು ಬೆಳೆಯಿತೆಂದು ಹುಡುಕದೆ ಔಷಧಿ ಸುರಿಯುವವನನ್ನು ಅವರು ಸಹಿಸುತ್ತಿರಲಿಲ್ಲ. ಪತ್ತೆಯಾದುದನ್ನು ಮನೆಯವರ ಮುಂದೆ ಬಚ್ಚಿಡುವವನನ್ನಂತೂ ಇನ್ನೂ ಸಹಿಸುತ್ತಿರಲಿಲ್ಲ. ಕಾರಣ ತಿಳಿಯದ ಮನೆಯಲ್ಲಿ ಅದೇ ತಪ್ಪು ಮತ್ತೆ ನಡೆಯುತ್ತದೆ ಎಂಬುದು ಅವರ ವಾದ. ವಿದ್ಯಾರ್ಥಿಗಳು ಅವರನ್ನು ಬೆನ್ನ ಹಿಂದೆ ‘ಊಟದ ಮೇಷ್ಟ್ರು’ ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗ ಅವರಿಗೆ ಒಳಗೊಳಗೇ ಖುಷಿಯಾಗಿತ್ತು ಎಂದು ಶ್ರೀಮತಿ ಹೆಸ್ಲಪ್ ಹೇಳುತ್ತಾರೆ.

ಅವರ ಉಪಕಾರಗಳು ಸದ್ದು ಮಾಡಿದವಲ್ಲ. ಜೊತೆಗಾರ ಟ್ರೆವರ್ ಡಾಡ್ಸ್ ಅವರು ಏಣಿಯಿಂದ ಬಿದ್ದು ಚಳಿಗಾಲವಿಡೀ ಮಲಗಿದ್ದಾಗ, ಟ್ರೆವರ್ ನೋಡಿಕೊಳ್ಳುತ್ತಿದ್ದ ಮನೆಗಳನ್ನೆಲ್ಲ ಎಡ್ವಿನ್ ತಾವೇ ಸುತ್ತಿದರು. "ಟ್ರೆವರ್ ಕಳ್ಸಿದಾನೆ" ಎಂದೇ ಪ್ರತಿ ಬಾಗಿಲಲ್ಲೂ ಹೇಳಿದರು. ಟ್ರೆವರ್ ಎದ್ದು ಬಂದಾಗ ಅವರ ಒಬ್ಬ ಗಿರಾಕಿಯೂ ಕೈತಪ್ಪಿರಲಿಲ್ಲ. ಇಂಥವು ಹಲವಿವೆ. ಆದರೆ ಈ ಲೇಖನ ಅಲೆಂಡೇಲ್‌ನ ಒಂದು ಮನೆಯ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲಬಯಸುತ್ತದೆ. ಆ ಮನೆಯೊಡತಿ ಶ್ರೀಮತಿ ಹೇಝೆಲ್ ಮಿಲ್ಬರ್ನ್ ಅವರೇ ಇದನ್ನು ಬರೆಯಿರಿ ಎಂದಿದ್ದಾರೆ.

ಹೇಝೆಲ್ ಅವರ ಪತಿ ನಾರ್ಮನ್ ಆ ಬೆಟ್ಟದ ಸೀಮೆಯ ಹೊಲಗಳಿಗೆ ಕಲ್ಲಿನ ಗೋಡೆ ಕಟ್ಟುತ್ತಿದ್ದವರು. ತಮ್ಮ ಕೊನೆಯ ಬೇಸಿಗೆಯಲ್ಲಿ ಅವರು ಹಳೆಯ ದನದ ಕೊಟ್ಟಿಗೆಯನ್ನು ಅಡುಗೆಮನೆಯಾಗಿ ಮಾಡಿ, ಕೊಳವೆಗಳ ಮೇಲೆ ಒಂದೊಂದೇ ಚಪ್ಪಡಿ ಆಯ್ದು ನೆಲ ಹಾಸಿದ್ದರು. ನವೆಂಬರಿನಲ್ಲಿ ನ್ಯೂಕ್ಯಾಸಲ್‌ನ ಆಸ್ಪತ್ರೆಗೆ ಹೋದರು. ಹೇಝೆಲ್ ಅಲ್ಲೇ ಸಮೀಪದಲ್ಲಿದ್ದ ತಂಗಿಯ ಮನೆಯಲ್ಲಿ ಉಳಿದರು. ಇತ್ತ ಮನೆ ಬೀಗ ಹಾಕಿಕೊಂಡು ಚಳಿಗಾಲವಿಡೀ ಖಾಲಿ ಬಿತ್ತು. ಫೆಬ್ರವರಿಯಲ್ಲಿ ನಾರ್ಮನ್ ತೀರಿಕೊಂಡರು.

ಮುಂದಿನ ಶರತ್ಕಾಲದಲ್ಲಿ ಆ ನೆಲ ಬಿಸಿಯಾಗಲಿಲ್ಲ. ಸ್ನಾನದ ಮನೆಯ ರೇಡಿಯೇಟರಿನಿಂದ ಗಾಳಿ ಬಿಟ್ಟರೆ ಕೊಳೆತ ಮೊಟ್ಟೆಯ ನಾತ. ಬಂದು ನೋಡಿದ ಇಬ್ಬರು ಕೆಲಸಗಾರರೂ ಒಂದೇ ಮಾತು ಹೇಳಿದರು: ಕೊಳವೆಗಳೊಳಗೆ ಲೋಳೆ ಕಟ್ಟಿದೆ, ಚಪ್ಪಡಿ ಒಡೆದು ಹೊಸ ಕೊಳವೆ ಹಾಕಬೇಕು. ಅಷ್ಟು ಬಿಗಿಯಾಗಿ ಕೂರಿಸಿದ ಕಲ್ಲುಗಳು ಎತ್ತಿದರೆ ಇಡಿಯಾಗಿ ಬರುವಂತಿರಲಿಲ್ಲ. ಮೂರನೆಯವರಾಗಿ ಶ್ರೀ ಹೆಸ್ಲಪ್ ಅವರು ಟ್ರೆವರ್ ಜೊತೆ ಹೋದಾಗ ಹೇಝೆಲ್ ಬಾಗಿಲಲ್ಲೇ ಅಡ್ಡ ನಿಂತರು.

"ಒಡೀಬೇಕು ಅನ್ನೋಕೆ ಬಂದಿದ್ರೆ ಹಾಗೇ ವಾಪಸ್ ಹೋಗಿ. ಚಳಿ ತಡ್ಕೋತೀನಿ. ಇದನ್ನ ಒಡೆಯೋದು ನೋಡೋಕೆ ನನ್ನಿಂದ ಆಗಲ್ಲ."

"ನಾನಿನ್ನೂ ನೀರೇ ನೋಡಿಲ್ವಲ್ಲ ತಾಯಿ," ಎಂದರು ಎಡ್ವಿನ್. "ನೋಡ್ದೆ ಮಾತಾಡೋಕೆ ನನಗೆ ಬರಲ್ಲ."

"ಬರುತ್ತೆ, ಬರುತ್ತೆ. ಫುಟ್‌ಬಾಲ್ ವಿಷಯಕ್ಕೆ ಮಾತ್ರ," ಎಂದರು ಟ್ರೆವರ್. ಹೇಝೆಲ್ ನಗಲಿಲ್ಲ, ಆದರೆ ದಾರಿ ಬಿಟ್ಟರು.

ಈ ನೀರು ನಲ್ಲಿಯ ನೀರಿನೊಂದಿಗೆ ಬೆರೆಯುವುದಿಲ್ಲ, ಕಾಯಿಲೆಯ ಭಯ ಬೇಡ ಎಂದು ಎಡ್ವಿನ್ ಮೊದಲು ಅವರಿಗೆ ಧೈರ್ಯ ಹೇಳಿದರು. ಆಮೇಲೆ ಸೀಸೆಯಲ್ಲಿ ನೀರು ಹಿಡಿದು ಮೂಸಿದರು. ಮೊಟ್ಟೆಯ ನಾತದ ಹಿಂದೆ ಹುಳಿವಾಸನೆಯೂ ಇತ್ತು. ಬ್ಯಾಕ್ಟೀರಿಯಾ ಇದ್ದರೆ ಬೆಳೆದು ಕಾಣಲೆಂದು ಪೋಷಕ ಲೇಪ ಬಳಿದ ಪರೀಕ್ಷಾಪಟ್ಟಿಯೊಂದನ್ನು ಆ ನೀರಿನಲ್ಲಿ ಅದ್ದಿ, ಡಬ್ಬಿಯೊಳಗಿಟ್ಟು, ಬಿಸಿನೀರಿನ ತೊಟ್ಟಿಯಿರುವ ಕಪಾಟಿನಲ್ಲಿ ಒಣಗಲಿಟ್ಟ ಟವೆಲುಗಳ ನಡುವೆ ಬೆಚ್ಚಗಿರಿಸಿದರು. ಎರಡು ದಿನ ಕಳೆದು ಬಂದು ನೋಡಿದಾಗ ಪಟ್ಟಿಯ ತುಂಬ ಕೆಂಪು ಚುಕ್ಕೆಗಳು. ಬ್ಯಾಕ್ಟೀರಿಯಾ ಇತ್ತು, ಬೇಕಾದಷ್ಟಿತ್ತು. ಇನ್ನು ಉಳಿದದ್ದು ಊಟದ ಪ್ರಶ್ನೆ.

ಅದಕ್ಕೆ ಉತ್ತರ ಕೊಟ್ಟದ್ದು, ನೀರಿನಲ್ಲಿ ಬೇರೆ ದ್ರವ ಎಷ್ಟು ಬೆರೆತಿದೆಯೆಂದು ತೋರುವ ಅಳತೆಯ ಗಾಜಿನ ಮೇಲೆ ಬಿಟ್ಟ ಒಂದು ಹನಿ. ನೀರಿನಲ್ಲಿ ಆಂಟಿಫ್ರೀಜ್ ಇತ್ತು, ತೀರ ಸ್ವಲ್ಪ. ಚಳಿಗೆ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯದಿರಲೆಂದು ಬೆರೆಸುವ ದ್ರವ ಅದು. ಪೂರ್ತಿ ಪ್ರಮಾಣದಲ್ಲಿ ಬೆರೆಸಿದರೆ ಅದರಲ್ಲಿ ಯಾವ ಬ್ಯಾಕ್ಟೀರಿಯಾವೂ ಬಾಳುವುದಿಲ್ಲ. ಸ್ವಲ್ಪವೇ ಬೆರೆಸಿದರೆ ಚಳಿಯನ್ನೂ ತಡೆಯದೆ, ಬ್ಯಾಕ್ಟೀರಿಯಾಕ್ಕೆ ಹಬ್ಬದೂಟವಾಗುತ್ತದೆ. ನಮ್ಮ ಬೆಟ್ಟದ ಸೀಮೆಯ ಜನ ‘ಇರಲಿ ಒಂದಿಷ್ಟು’ ಎಂದು ಒಂದೇ ಡಬ್ಬಿ ಸುರಿದು ನೆಮ್ಮದಿಯಾಗಿ ಮಲಗುವ ತಪ್ಪನ್ನು ಎಡ್ವಿನ್ ಎಷ್ಟೋ ಮನೆಗಳಲ್ಲಿ ಕಂಡಿದ್ದರು.

"ಯಾರಾದ್ರೂ ಆಂಟಿಫ್ರೀಜ್ ಹಾಕಿದ್ರಾ?"

"ಇಲ್ವಲ್ಲ. ಹೊರಗೆ ನಾರ್ಮನ್ ಶೆಡ್ಡಲ್ಲಿ ಏನೇನಿದೆಯೋ ನನಗೆ ಗೊತ್ತಿಲ್ಲ. ಅವನು ಹೋದ್ಮೇಲೆ ನಾನು ಅದರೊಳಗೆ ಕಾಲಿಟ್ಟಿಲ್ಲ."

ಶೆಡ್ಡಿನಲ್ಲಿ ಆಂಟಿಫ್ರೀಜ್‌ನ ದೊಡ್ಡ ಡಬ್ಬಿಗಳು ಗೋಡೆಗೆ ಸಾಲಾಗಿ ನಿಂತಿದ್ದವು. ಮೊದಲನೆಯದು ಖಾಲಿ. ಉಳಿದವುಗಳ ಮುಚ್ಚಳದ ಸೀಲು ಕೂಡ ಒಡೆದಿರಲಿಲ್ಲ. ಇಡೀ ಮನೆಗೆ ಎಷ್ಟು ಬೇಕೆಂದು ಲೆಕ್ಕ ಹಾಕಿಯೇ ತಂದ ನಾರ್ಮನ್ ಒಂದನ್ನಷ್ಟೇ ಸುರಿದು ಏಕೆ ನಿಲ್ಲಿಸಿದರೆಂಬುದು ತುಂಬಿದ ಡಬ್ಬಿಯನ್ನು ಎತ್ತಿ ನೋಡಿದಾಗ ಎಡ್ವಿನ್ ಅವರಿಗೆ ತಿಳಿಯಿತು. ಆರೋಗ್ಯವಂತನಿಗೇ ಅದು ಭಾರ.

ಎಡ್ವಿನ್ ಅವರನ್ನು ಟ್ರೆವರ್ ಪಕ್ಕಕ್ಕೆ ಎಳೆದರು. "ಹೇಳ್ಬೇಡ ಕಣೋ. ಗಂಡನೇ ಕೆಡಿಸಿದ ಅಂತ ಆ ಹೆಂಗಸಿಗೆ ಯಾಕೆ ಗೊತ್ತಾಗ್ಬೇಕು? ನೀರು ಕೆಟ್ಟಿತ್ತು, ತೊಳೆದ್ವಿ. ಮುಗೀತು."

ಎಡ್ವಿನ್ ಶೆಡ್ಡಿನಲ್ಲೇ ಬಹಳ ಹೊತ್ತು ನಿಂತರು. ಜೀವಮಾನವಿಡೀ ಪಾಲಿಸಿದ ನಿಯಮ ಅವತ್ತು ಮೊದಲ ಸಲ ಅವರಿಗೆ ಕ್ರೂರವಾಗಿ ಕಂಡಿತು. ಸುಳ್ಳು ಹೇಳಿದರೆ ಹೇಝೆಲ್ ಅವರಿಗೆ ನೋವಿಲ್ಲ, ನಿಜ. ಆದರೆ ಮುಂದೊಂದು ಚಳಿಗಾಲ ಅವರೂ ಅರೆಬರೆ ಸುರಿದು ಅದೇ ನೆಲವನ್ನು ಕಳೆದುಕೊಂಡರೆ? ಕೊನೆಗೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ಅಡುಗೆಮನೆಗೆ ಹೋದರು.

"ನೆಲ ಒಡೆಯೋದು ಬೇಡ ತಾಯಿ. ಒಂದೊಂದೇ ಕೊಳವೆ ಬಿಡಿಸ್ಕೊಂಡು ತೊಳೀಬಹುದು. ಆದ್ರೆ ಇದು ಹೇಗಾಯ್ತು ಅಂತ ನಿಮಗೆ ಹೇಳ್ಬೇಕು. ನಾರ್ಮನ್ ಆಸ್ಪತ್ರೆಗೆ ಹೋಗೋ ಮುಂಚೆ ಆಂಟಿಫ್ರೀಜ್ ಹಾಕಿದಾರೆ. ಮನೆ ಖಾಲಿ ಇರುತ್ತೆ, ಕೊಳವೆ ಒಡೀಬಾರ್ದು ಅಂತ. ಹಾಕಿದ್ದು ಸರಿ. ಆ ಭಾರದ ಡಬ್ಬಿಗಳಲ್ಲಿ ಒಂದನ್ನ ಸುರಿದಿದಾರೆ, ಪೂರ್ತಿ ಹಾಕೋಕೆ ಅವರ ಕೈಲಿ ಆಗಿಲ್ಲ, ಅಷ್ಟೇ."

ಹೇಝೆಲ್ ಮುಖವನ್ನು ಕಿಟಕಿಯತ್ತ ತಿರುಗಿಸಿದರು. ಎಡ್ವಿನ್ ತಪ್ಪು ಮಾಡಿದೆನೆಂದೇ ಎಣಿಸಿದರು.

"ಒಂದು ವಾರದಲ್ಲಿ ಮನೆಗೆ ಬರ್ತೀನಿ ಅಂದಿದ್ದ ನನಗೆ," ಎಂದರು ಹೇಝೆಲ್. "ವಾರದಲ್ಲಿ ಬರೋನು ಇದನ್ನ ಯಾಕೆ ಹಾಕ್ತಾನೆ?"

ಉತ್ತರವನ್ನೂ ಅವರೇ ಕೊಟ್ಟುಕೊಂಡರು.

"ಗೊತ್ತಿತ್ತು ಅವನಿಗೆ. ಏನೂ ಹೇಳ್ದೆ, ತಮಾಷೆ ಮಾಡ್ಕೊಂಡು ಕಾರು ಹತ್ತಿದ ಅಂತ ನನಗೆ ಎಷ್ಟು ಸಿಟ್ಟಿತ್ತು ಗೊತ್ತಾ? ಗೋರಿ ಹತ್ರ ಹೋದ್ರೂ ಬೈದು ಬರ್ತಿದ್ದೆ." ಅವರು ನೆಲವನ್ನೇ ನೋಡುತ್ತ ಕುರ್ಚಿಯಲ್ಲಿ ಕುಳಿತರು. "ನಾನಿರೋ ಮನೆ ಅಂತ ಆ ಡಬ್ಬಿ ಎತ್ತಿದಾನಲ್ಲ, ಆ ಕೈಲಿ."

ಆಮೇಲೆ ಅವರು ಅತ್ತರು. ಟ್ರೆವರ್ ಚಹಾ ಮಾಡಿದರು. ಕೆಲಸ ಮುಗಿಯದೆ ಗಿರಾಕಿಗಳ ಮನೆಯಲ್ಲಿ ಚಹಾ ಮುಟ್ಟದ ಶ್ರೀ ಹೆಸ್ಲಪ್ ಅವರು ಅವತ್ತು ಕುಳಿತು ಕುಡಿದರು.

ಕೆಲಸ ಹಲವು ದಿನ ಹಿಡಿಯಿತು. ನಾರುವ ನೀರನ್ನೆಲ್ಲ ಹಳ್ಳಕ್ಕೆ ಬಿಡದೆ ಪೀಪಾಯಿಗಳಲ್ಲಿ ಹೊತ್ತೊಯ್ದರು. ಒಂದೊಂದು ಕೊಳವೆಯನ್ನೂ ಬೇರೆಯಾಗಿ ಬಿಡಿಸಿ, ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಸುತ್ತಿಸಿ, ಲೋಳೆ ಕಳಚಿ ಬರುವವರೆಗೆ ತೊಳೆದರು. ಕೊನೆಯ ಕೊಳವೆ ಹಟ ಹಿಡಿದು, ಇನ್ನು ಒಡೆಯುವುದೇ ಗತಿ ಎಂದು ಟ್ರೆವರ್ ಕೂಡ ಕೈಚೆಲ್ಲಿದ ಮೇಲೆ ಬಿಟ್ಟುಕೊಂಡಿತು. ಕಪಾಟಿನಲ್ಲಿಟ್ಟ ಹೊಸ ಪಟ್ಟಿಯ ಮೇಲೆ ಒಂದು ಚುಕ್ಕೆಯೂ ಏಳಲಿಲ್ಲ.

ಜನ ವಾಸವಿರುವ ಮನೆಗೆ ಆಂಟಿಫ್ರೀಜ್ ಬೇಡವೆಂಬುದು ಶ್ರೀ ಹೆಸ್ಲಪ್ ಅವರ ಪಾಠ. ತುಕ್ಕು ತಡೆಯುವ ಮದ್ದಷ್ಟೇ ಹಾಕಿ ಶುದ್ಧ ನೀರು ತುಂಬಲು ಅವರು ಸಿದ್ಧರಾಗಿದ್ದಾಗ ಹೇಝೆಲ್ ಶೆಡ್ಡಿನ ಬೀಗದ ಕೈ ಹಿಡಿದು ಬಂದರು.

"ಅವನು ಶುರು ಮಾಡಿದ್ದು ಅರ್ಧಕ್ಕೆ ನಿಂತಿದೆ. ಮುಗಿಸ್ಬಹುದಾ?"

ತಮ್ಮದೇ ಪಾಠವನ್ನು ಪಕ್ಕಕ್ಕಿಟ್ಟ ಶ್ರೀ ಹೆಸ್ಲಪ್ ಅವರು ಪೇಟೆಗೆ ಹೋಗಿ, ಖಾಲಿಯಾಗಿದ್ದ ಆ ಒಂದು ಡಬ್ಬಿಯ ಬದಲಿಗೆ ಹೊಸದೊಂದನ್ನು ತಂದು, ಪ್ರಮಾಣ ಪೂರ್ತಿಯಾಗುವಂತೆ ಮಾಡಿದರು. ಸುರಿಯಲು ಮುಂದಾದ ಎಡ್ವಿನ್ ಅವರ ಕೈಯನ್ನು ಹೇಝೆಲ್ ಸರಿಸಿದರು. ಪತಿ ಎತ್ತಲಾರದೆ ಬಿಟ್ಟ ಡಬ್ಬಿಗಳನ್ನು ಒಂದೊಂದಾಗಿ ತಾವೇ ಎತ್ತಿ ಸುರಿದರು. ಎಡ್ವಿನ್ ಆಲಿಕೆ ಹಿಡಿದು ನಿಂತರು.

ಶ್ರೀ ಎಡ್ವಿನ್ ಹೆಸ್ಲಪ್ ಅವರು ನೂರು ಚಳಿಗಾಲ ಕಾಣಲಿ, ಅವರ ಮೂಗೂ ಮುಂಗೋಪವೂ ಚುರುಕಾಗಿಯೇ ಇರಲಿ, ನಿವೃತ್ತಿಯ ನೆಪ ಹೇಳಿ ನಮ್ಮ ಪಾಠಗಳನ್ನು ತಪ್ಪಿಸದಿರಲಿ ಎಂದು ಸಂಘದ ಸಮಸ್ತರ ಪರವಾಗಿ ಹಾರೈಸುತ್ತೇವೆ. ಅಲೆಂಡೇಲ್‌ನಿಂದ ಹೇಝೆಲ್ ಮಿಲ್ಬರ್ನ್ ಅವರೂ ಈ ಸಂಪುಟಕ್ಕೆ ಒಂದು ಸಾಲು ಹೇಳಿ ಕಳಿಸಿದ್ದಾರೆ. ಹಿಮ ಬಿದ್ದ ದಿನಗಳಲ್ಲೂ ಅಡುಗೆಮನೆಯಲ್ಲಿ ಅವರು ಬರಿಗಾಲಲ್ಲೇ ಓಡಾಡುತ್ತಾರಂತೆ.